ಸುಟ್ಟ ಬೆಲ್ಲ, ನಾಲ್ಕು ಕೊಳವೆ

ನಾಲ್ಕು ಸ್ಪಾರ್ಕ್ ಪ್ಲಗ್‌ ಬಿಚ್ಚಿ, ಯಾವ ಸಿಲಿಂಡರಿನದು ಯಾವುದೆಂದು ತಪ್ಪದಂತೆ ಹಳೆಯ ಪತ್ರಿಕೆಯ ಮೇಲೆ ಸಾಲಾಗಿ ಇಟ್ಟೆ. ಒಂದನೆಯದು ಮತ್ತು ನಾಲ್ಕನೆಯದು ಮಸಿ ಹಿಡಿದು ಕಪ್ಪಗಿದ್ದವು. ನಡುವಿನ ಎರಡೂ ಬಿಳಿಚಿಕೊಂಡಿದ್ದವು. ಕಾರಿನ ಒಡತಿ ಬಗ್ಗಿ ನೋಡಿದರು.

‘ಇದೇನ್ರಿ, ಒಂದ ಮನ್ಯಾಗ ನಾಲ್ಕು ಮಂದಿ, ಇಬ್ಬರಿಗೆ ಊಟ, ಇಬ್ಬರಿಗೆ ಉಪಾಸ?’

‘ಊಟ ನಾಲ್ಕೂ ಮಂದಿಗಿ ಸಮಾ ಐತ್ರಿ. ಉಸಿರು ಸಮಾ ಇಲ್ಲ,’ ಎಂದೆ.

ಅವರು ಜಮಖಂಡಿಯಲ್ಲಿ ಹೆಣ್ಣುಮಕ್ಕಳಿಗೆ ಕಾರು ಕಲಿಸುವ ಶಾಲೆ ನಡೆಸುತ್ತಾರೆ. ಕಲಿಯಲು ಬರುವವರೆಲ್ಲ ಅವರನ್ನು ‘ಅಕ್ಕಾರ’ ಎನ್ನುತ್ತಾರೆ. ನಾನೂ ಹಾಗೇ ಕರೆಯುತ್ತೇನೆ. ವಾರದ ಆರು ದಿನ ಆ ಹದಿನೈದು ವರ್ಷದ ಸಣ್ಣ ಕಾರಿನ ನೆತ್ತಿಯ ಮೇಲೆ ಶಾಲೆಯ ಹಲಗೆ ಇರುತ್ತದೆ, ಪಕ್ಕದ ಸೀಟಿನ ಕೆಳಗೆ ಎರಡನೆಯ ಬ್ರೇಕು, ಕ್ಲಚ್ಚು ಇರುತ್ತವೆ. ಸ್ಪರ್ಧೆಯ ದಿನ ಹಲಗೆ, ಪೆಡಲು ಎರಡನ್ನೂ ಬಿಚ್ಚಿ, ಅದೇ ಕಾರನ್ನು ಬೆಳಗಾವಿ ಕಡೆಯ ಮೈದಾನಕ್ಕೆ ಒಯ್ಯುತ್ತಾರೆ. ಮಣ್ಣಿನ ನೆಲದಲ್ಲಿ ರಬ್ಬರ್ ಕೋನ್‌ಗಳ ನಡುವೆ ಒಬ್ಬೊಬ್ಬರೇ ಕಾರು ಓಡಿಸಿ, ಯಾರಿಗೆ ಕಡಿಮೆ ಹೊತ್ತು ಹಿಡಿಯಿತು ಎಂದು ನೋಡುವ ಸ್ಪರ್ಧೆ ಅದು. ಅವರ ವರ್ಗದಲ್ಲಿ ಮೊದಲ ಇಬ್ಬರಿಗೆ ಅಲ್ಲಿಯ ಕಾರು ಸಂಘ ಮುಂದಿನ ಇಡೀ ಸಾಲಿಗೆ ಸಿದ್ಧಪಡಿಸಿದ ಕಾರೊಂದನ್ನು ಓಡಿಸಲು ಕೊಡುತ್ತದೆ. ಹಿಂದಿನ ಸಲ ಅಕ್ಕಾರು ಮೂರನೆಯವರಾಗಿದ್ದರು. ತಪ್ಪಿದ್ದು ಅರ್ಧ ಸೆಕೆಂಡಿಗೂ ಕಡಿಮೆ ಅಂತರದಲ್ಲಿ. ಇಷ್ಟು ಹಳೆಯ ಕಾರುಗಳಿಗೆ ಬೇರೆ ವರ್ಗ ಇರುವುದು ಇದೇ ಕೊನೆಯ ಸಲ ಎಂದು ಸಂಘ ತಿಳಿಸಿತ್ತು.

‘ಹೊಸಾ ಕಾರ್ ನನ್ನ ಕಡೆ ಇಲ್ಲ. ಈ ಸಲ ಆದರ ಆತು, ಇಲ್ಲಂದ್ರ ಹೆಣ್ಮಕ್ಕಳಿಗಿ ರಿವರ್ಸ್ ಕಲಿಸಿಕೋತ ಇರೂದು,’ ಎಂದು ಅವರು ಹೇಳಿದ್ದು ನನ್ನ ಟಿಪ್ಪಣಿ ಪುಸ್ತಕದ ಮೊದಲ ಸಾಲು.

ಗ್ಯಾರೇಜಿಗೆ ಬರುವ ಮೊದಲು ನಾನು ಪತ್ರಿಕೆಯೊಂದಕ್ಕೆ ತಾಲ್ಲೂಕಿನ ಸುದ್ದಿ ಬರೆಯುತ್ತಿದ್ದೆ. ಕಂಡದ್ದನ್ನು ಎಡ ಪುಟದಲ್ಲಿ, ಕೇಳಿದ್ದನ್ನು ಬಲ ಪುಟದಲ್ಲಿ ಬರೆಯುವ ರೂಢಿ ಅಲ್ಲಿಂದ ಬಂದದ್ದು. ಈ ಕೆಲಸದಲ್ಲಿ ಒಂದೇ ಒಂದು ಸಲ ಆ ರೂಢಿ ಮುರಿದೆ. ಅದರ ಫಲವೂ ಇಲ್ಲಿದೆ.

ಇನ್‌ಟೇಕ್ ಮ್ಯಾನಿಫೋಲ್ಡ್ ಎಂದರೆ ಇಂಜಿನ್ನಿನ ಶ್ವಾಸನಾಳ. ಒಂದು ಬಾಯಿಯಿಂದ ಒಳಗೆ ಬಂದ ಗಾಳಿ ನಾಲ್ಕು ಕೊಳವೆಗಳಲ್ಲಿ ಹಂಚಿಹೋಗಿ ನಾಲ್ಕು ಸಿಲಿಂಡರ್ ಸೇರುತ್ತದೆ. ಈ ಕಾರಿನದು ಅಲ್ಯೂಮಿನಿಯಂ ಎರಕ. ನಡುವಿನ ಎರಡು ಕೊಳವೆ ನೆಟ್ಟಗಿದ್ದವು, ಅಂಚಿನ ಎರಡು ಮೊಣಕೈಯಂತೆ ಬಾಗಿದ್ದವು. ಇಂಜೆಕ್ಟರು ನಾಲ್ಕಕ್ಕೂ ಒಂದೇ ಅಳತೆಯಲ್ಲಿ ಪೆಟ್ರೋಲು ಚಿಮ್ಮಿಸುತ್ತದೆ. ಅಂಚಿನ ಎರಡಕ್ಕೆ ಗಾಳಿ ಕಡಿಮೆ ಸಿಕ್ಕಿ ಪೆಟ್ರೋಲು ಪೂರ್ತಿ ಉರಿಯದೆ ಮಸಿಯಾಗುತ್ತಿತ್ತು. ಸ್ಪರ್ಧೆಯ ನಿಯಮದಂತೆ ಗಾಳಿಯ ಬಾಯಿ, ಅಂದರೆ ಥ್ರಾಟಲ್, ಮೂಲದ್ದೇ ಇರಬೇಕು. ಅದರಿಂದಾಚೆಯ ಕೊಳವೆಗಳನ್ನು ಬದಲಾಯಿಸಬಹುದು.

ಮೊದಲು ಇದ್ದದ್ದನ್ನೇ ತಿದ್ದಿದೆ. ಮ್ಯಾನಿಫೋಲ್ಡಿನ ತೂತಿಗೂ ಇಂಜಿನ್ನಿನ ತಲೆಯ ತೂತಿಗೂ ಎರಡು ಮಿಲಿಮೀಟರಿನ ಮೆಟ್ಟಿಲು ಇತ್ತು. ಎರಡರ ನಡುವೆ ಕೂರುವ ಗ್ಯಾಸ್ಕೆಟ್ಟನ್ನು ಅಳತೆಯಾಗಿಟ್ಟು, ಗೀರು ಎಳೆದು, ಅರದಿಂದ ಸಮ ಮಾಡಿದೆ. ಒಳಗಿನ ಎರಕದ ಗಂಟುಗಳನ್ನು ಉಜ್ಜಿ ತೆಗೆದೆ. ಬೀಳಗಿ ಹತ್ತಿರ ಒಂದು ಪುನರ್ವಸತಿ ಬಡಾವಣೆ ಇದೆ. ರಸ್ತೆ ಹಾಕಿ, ನಿವೇಶನ ಗುರುತಿಸಿ, ಇನ್ನೂ ಮನೆ ಏಳದ ಒಂದು ಮೂಲೆಯಲ್ಲಿ ನಾವು ಕೋನ್ ಇಟ್ಟು ಅಭ್ಯಾಸ ಮಾಡುತ್ತಿದ್ದೆವು. ಮೊದಲು ಸುತ್ತಿಗೆ ಸರಾಸರಿ ಐವತ್ತೆಂಟೂವರೆ ಸೆಕೆಂಡು ಇತ್ತು, ತಿದ್ದಿದ ಮೇಲೆ ಐವತ್ತೆಂಟು ಕಾಲು. ಇಷ್ಟರಿಂದ ಎರಡನೆಯ ಸ್ಥಾನ ಬರುವಂತಿರಲಿಲ್ಲ. ಮೊಣಕೈ ಮೊಣಕೈಯಾಗಿಯೇ ಉಳಿದಿತ್ತು.

ಹೊಸದನ್ನೇ ಮಾಡೋಣ ಎಂದು ನಿಶ್ಚಯಿಸಿದೆವು. ತೊಡಕು ಇದ್ದದ್ದು ಒಳಮೈಯಲ್ಲಿ. ಬಾಗಿದ ಕೊಳವೆಯ ಹೊರಮೈಯನ್ನು ಯಾರಾದರೂ ಮಾಡಬಹುದು. ಒಳಗೆ ನುಣುಪಾಗಿರಬೇಕಾದರೆ, ಮೊದಲು ಕೊಳವೆಯ ಪೊಳ್ಳಿನ ಆಕಾರದ ತಿರುಳೊಂದನ್ನು ಮಾಡಿ, ಅದರ ಮೇಲೆ ಅಂಟಿನಲ್ಲಿ ನೆನೆಸಿದ ಬಟ್ಟೆ ಸುತ್ತಿ, ಗಟ್ಟಿಯಾದ ಮೇಲೆ ತಿರುಳನ್ನು ಹೊರಗೆ ತೆಗೆಯಬೇಕು. ನಾನು ಥರ್ಮೋಕೋಲ್ ಕೆತ್ತಿದೆ. ಅಂಗಡಿಯಲ್ಲಿ ಸಿಗುವ ಸಾದಾ ರೆಸಿನ್ ಹಚ್ಚಿದೆ. ರೆಸಿನ್ ಗಟ್ಟಿಯಾಗುವ ಮೊದಲೇ ಥರ್ಮೋಕೋಲ್ ಕರಗಿ, ಬಟ್ಟೆ ಕುಸಿದು, ತೊಳೆದ ಕಾಲುಚೀಲದಂತೆ ಬಿದ್ದಿತು. ಮೇಣದ್ದು ಅದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ತಡೆಯಿತು. ಮಧ್ಯಾಹ್ನದ ಬಿಸಿಲಿಗೂ ಅಂಟಿನ ಬಿಸಿಗೂ ಸಿಕ್ಕಿ ಜೋತುಬಿತ್ತು.

ಈ ಎರಡು ಸೋಲುಗಳನ್ನು ಚೀಲದಲ್ಲಿ ಹಾಕಿಕೊಂಡು ರಬಕವಿಗೆ ಹೋದೆ. ಅಲ್ಲಿ ನನಗೆ ಪರಿಚಯದ ಬಡಿಗರೊಬ್ಬರು ಮಗ್ಗಗಳಿಗೆ ಲಾಳಿ, ಕಟ್ಟಿಗೆಯ ಬಿಡಿಭಾಗ ಮಾಡಿಕೊಡುತ್ತಾರೆ. ಬೆಲ್ಲದ ಗಾಣಗಳಿಗೆ ಮರದ ಅಚ್ಚುಗಳನ್ನೂ ಅವರೇ ಮಾಡುತ್ತಾರೆ. ನಾನು ಕೇಳಬೇಕೆಂದಿದ್ದು ಕೊಳವೆಯ ಬಾಯಿಗೆ ಕಹಳೆಯಂತೆ ಅರಳಿದ ಮರದ ಮಾದರಿ. ಅವರು ಕಾಲುಚೀಲವನ್ನು ಬೆರಳಿಂದ ಎತ್ತಿ ನೋಡಿದರು.

‘ಪೇಪರ್‌ದಾಗ ಇದ್ದಾಗ ಛಲೋ ಇದ್ರಿ ಬಿಡ್ರಿ. ಅಲ್ಲಿ ತಪ್ಪಾದರ ಮರುದಿನ ಒಂದು ಸಾಲು ತಿದ್ದುಪಡಿ ಹಾಕಿದ್ರ ಮುಗೀತಿತ್ತು.’

‘ಒಳಗಿನ ತಿರುಳು ಕರಗಬೇಕ್ರಿ ಬಡಿಗ್ಯಾರ. ಆದರ ನಾ ಕರಗು ಅಂದಾಗ ಕರಗಬೇಕು.’

ಅವರು ಮೂಲೆಯಲ್ಲಿ ಪೇರಿಸಿಟ್ಟ ಅಚ್ಚುಗಳ ಕಡೆ ಗದ್ದ ತೋರಿಸಿದರು. ‘ಬೆಲ್ಲ ಹಾಕ್ರಿ. ಬಿಸಿನೀರಾಗ ಇಟ್ಟರ ಹೋಕ್ಕೈತಿ. ಅದಕ್ಕೇನು ದಿಲ್ಲಿಯಿಂದ ತರಿಸೋದೈತಿ?’

ನಗುವ ಮಾತಾಗಿ ಹೇಳಿದರೋ ಇಲ್ಲವೋ ಗೊತ್ತಿಲ್ಲ. ನಾನು ಮಾತ್ರ ಬರೆದುಕೊಂಡೆ. ಎರಡು ಹೋಳಾಗಿ ತೆರೆಯುವ ಮರದ ಅಚ್ಚನ್ನು ಅವರು ನಾಲ್ಕು ದಿನದಲ್ಲಿ ಮಾಡಿಕೊಟ್ಟರು. ಒಳಗೆ ಬಾಗು, ತುದಿಗೆ ಕಹಳೆ. ಬನಹಟ್ಟಿಯ ಮಗ್ಗದಿಂದ ದಪ್ಪ ಹತ್ತಿಯ ಬಟ್ಟೆ ಕೊಡಿಸಿದವರೂ ಅವರೇ. ಮಗ್ಗದಿಂದ ಇಳಿದ ಬಟ್ಟೆಯ ನೂಲಿಗೆ ಗಂಜಿ ಇರುತ್ತದೆ, ಅಂಟು ಒಳಗೆ ಇಳಿಯುವುದಿಲ್ಲ, ಎರಡು ಸಲ ಕುದಿಸಿ ತೊಳೆಯಿರಿ ಎಂದು ಎಚ್ಚರಿಸಿದರು. ಬಿಸಿ ತಡೆಯುವ ಎಪಾಕ್ಸಿ ಅಂಟನ್ನು ಹುಬ್ಬಳ್ಳಿಯಿಂದ ತರಿಸಿದೆ.

ಬೆಲ್ಲಕ್ಕೆ ಹೋದದ್ದು ರನ್ನ ಬೆಳಗಲಿಯ ಒಂದು ಗಾಣಕ್ಕೆ. ಅಲ್ಲಿ ಕಡಾಯಿಯ ಮುಂದೆ ನಿಂತು ಹದ ನೋಡುವವರು ಎಪ್ಪತ್ತು ದಾಟಿದ ಹಿರಿಯರು. ಹೆಗಲ ಮೇಲೆ ಕಂಬಳಿ, ಹಣೆಯ ಮೇಲೆ ಬೀರೇಶ್ವರನ ಭಂಡಾರದ ಅರಿಶಿನ. ಎಲ್ಲರಿಗೂ ಅವರು ಮುತ್ಯಾ, ಅಂದರೆ ಅಜ್ಜ. ಅವರ ಕೈಯ ಬೆಲ್ಲಕ್ಕೆ ಮುಧೋಳದ ಪೇಟೆಯಲ್ಲಿ ಬೇರೆಯೇ ಬೇಡಿಕೆ ಇದೆ ಎಂದು ಕೇಳಿದ್ದೆ. ಗಾಣಕ್ಕೆ ಬಂದವರು ಯಾರೇ ಆಗಲಿ ಬಿಸಿ ಬೆಲ್ಲ ತಿನ್ನದೆ ಹೋಗುವಂತಿಲ್ಲ ಎಂಬುದು ಅಲ್ಲಿಯ ಪದ್ಧತಿ. ನನಗೂ ಮುತ್ತುಗದ ಎಲೆಯಲ್ಲಿ ಹಾಕಿಕೊಟ್ಟು, ನಾನು ತಿಂದು ಮುಗಿಸಿದ ಮೇಲೆ ‘ಈಗ ಹೇಳು’ ಎಂದರು. ಹೇಳಿದೆ. ಸಾಮಾನ್ಯ ಬೆಲ್ಲಕ್ಕಿಂತ ಬಹಳ ಗಟ್ಟಿ, ಗಾಜಿನಂತೆ ಸಿಡಿಯುವಷ್ಟು ಕಾಸಬೇಕು ಎಂದೆ.

‘ತಿನ್ನೂ ವಸ್ತು. ಕರಗಿಸಿದ ನೀರು ಗಟಾರಕ್ಕ ಹಾಕೂದಿಲ್ಲ ಅಂದರ ಕಾಸಿ ಕೊಡತೇನಿ.’

‘ದನಕ್ಕ ಹಾಕಾಕ ಬರೂದಿಲ್ಲ ಮುತ್ಯಾ, ಅಂಟಿನ ಅಂಶ ಇರತೈತಿ. ಗಿಡದ ಬುಡಕ್ಕ ಹಾಕತೇನಿ.’

‘ಆತು.’

ಕಾಸುವ ದಿನ ನಾನು ಹೋಗಲಿಲ್ಲ. ಗ್ಯಾರೇಜಿನಲ್ಲಿ ಬೇರೆ ಕೆಲಸ ಇತ್ತು. ಅಚ್ಚು ಕಳಿಸಿದೆ, ಸಂಜೆ ಫೋನು ಮಾಡಿ ಕೇಳಿದೆ. ‘ಗಟ್ಟಿ ಕಾಸೇನಿ, ಚಿಂತಿ ಮಾಡಬ್ಯಾಡ’ ಎಂದರು. ಪುಸ್ತಕದಲ್ಲಿ ‘ಹದ: ಗಟ್ಟಿ’ ಎಂದು ಬರೆದೆ. ಬರೆದದ್ದು ಎಡ ಪುಟದಲ್ಲಿ.

ಬೆಲ್ಲದ ನಾಲ್ಕು ತಿರುಳುಗಳು ನೋಡಲು ಚೆಂದ ಇದ್ದವು, ಜೇನಿನ ಬಣ್ಣ. ಪ್ರತಿಯೊಂದರ ನಡುವೆ ಒಂದು ಸುತಲಿ ಹಗ್ಗ ಹಾಯಿಸಿ ಎರೆದಿದ್ದರು. ಆಮೇಲೆ ನೀರು ಆ ಹಗ್ಗದ ದಾರಿ ಹಿಡಿದು ಒಳಗೆ ಇಳಿಯುತ್ತದೆ ಎಂಬುದು ಬಡಿಗರ ಉಪಾಯ. ಬಟ್ಟೆ ಸುತ್ತಿದೆವು, ಅಂಟು ಕುಡಿಸಿದೆವು, ಎರಡು ದಿನ ಬಿಟ್ಟು ಬಿಸಿನೀರಿನಲ್ಲಿ ಮುಳುಗಿಸಿದೆವು. ಬೆಲ್ಲ ಕರಗಿ ಹೋಯಿತು. ಆ ನೀರನ್ನು ಸೋಸಿ ಗ್ಯಾರೇಜಿನ ಹಿಂದಿನ ಬೇವಿನ ಬುಡಕ್ಕೆ ಹಾಕಿದೆ. ಮೂರು ದಿನ ಇರುವೆಗಳ ಸಾಲು ಕಡಿಯಲೇ ಇಲ್ಲ.

ಮೊದಲ ಮ್ಯಾನಿಫೋಲ್ಡಿನ ಆಕಾರ ನನ್ನದಲ್ಲ, ಮೊಬೈಲಿನ ವಿಡಿಯೊಗಳದ್ದು. ಗಿಡ್ಡ, ದಪ್ಪ ಕೊಳವೆಗಳು, ಮೇಲೆ ದೊಡ್ಡ ಗಾಳಿಪೆಟ್ಟಿಗೆ. ಕೂರಿಸಿ ಚಾಲೂ ಮಾಡಿದರೆ ನಿಂತಲ್ಲೇ ಇಂಜಿನ್ನು ಏರುತ್ತಿತ್ತು, ಇಳಿಯುತ್ತಿತ್ತು. ಎಲ್ಲೋ ಕಳ್ಳ ಗಾಳಿ ಒಳಗೆ ಹೋಗುತ್ತಿದೆ ಎಂದರ್ಥ. ಬಿಚ್ಚಿ, ಬಾಯಿಗಳನ್ನು ಮುಚ್ಚಿ, ಸ್ವಲ್ಪ ಗಾಳಿ ತುಂಬಿ ಸೋಪಿನ ನೀರು ಸವರಿದೆ. ಸೂಜಿಮೊನೆಯಷ್ಟು ಏಳು ತೂತುಗಳಲ್ಲಿ ಗುಳ್ಳೆ ಬಂದವು. ಅಂಟು ತುಂಬಿ ಮುಚ್ಚಿದೆ.

ಬೀಳಗಿಯ ಬಡಾವಣೆಯಲ್ಲಿ ಅಕ್ಕಾರು ಮೂರು ಸುತ್ತು ಹೊಡೆದು ನಗುತ್ತ ಇಳಿದರು.

‘ಧ್ವನಿ ಕೇಳಿದ್ರಿ? ಹುಲಿ ಆಗೈತಿ.’

ನಾನು ಗಡಿಯಾರ ತೋರಿಸಿದೆ. ಐವತ್ತೊಂಬತ್ತು ದಾಟಿತ್ತು.

‘ನಿಮ್ಮ ಗಡಿಯಾರ ಕೆಟ್ಟೈತಿ.’

‘ಎರಡು ಇಟ್ಟೇನ್ರಿ. ಎರಡೂ ಒಟ್ಟಿಗೇ ಕೆಡೂದಿಲ್ಲ.’

ಅವರು ಇನ್ನೂ ಮೂರು ಸುತ್ತು ಹೊಡೆದರು. ಅದೇ ಬಂತು. ಬಾಗಿಲು ತೆಗೆದುಕೊಂಡು ಸೀಟಿನ ಮೇಲೆ ಅಡ್ಡ ಕೂತು, ಕೆಂಪು ಧೂಳು ಮೆತ್ತಿದ ಚಪ್ಪಲಿ ಜಾಡಿಸಿದರು. ಆಗ ಸ್ಪರ್ಧೆಗೆ ಐದು ವಾರ ಉಳಿದಿತ್ತು.

‘ಅಂದರ ಮೊದಲಿಂದs ಛಲೋ ಇತ್ತು?’

‘ಈ ಕೋನ್‌ಗೋಳ ನಡುವ, ಹೌದ್ರಿ.’

ಪ್ರತಿ ಓಟಕ್ಕೂ ಇಂಜಿನ್ನಿನ ವೇಗ, ಹಿಡಿದ ಹೊತ್ತು ಬರೆದಿಟ್ಟ ನನ್ನ ಪಟ್ಟಿಯಲ್ಲಿ ಕಾರಣ ಇತ್ತು. ನಿಮಿಷಕ್ಕೆ ಐದು ಸಾವಿರ ಸುತ್ತು ದಾಟಿದ ಮೇಲೆ ಇಂಜಿನ್ನು ನಿಜವಾಗಿಯೂ ಚುರುಕಾಗಿತ್ತು. ಆದರೆ ಕೋನ್ ಸುತ್ತಿ ಹೊರಬರುವಾಗ ಅದು ತಿರುಗುವುದು ಎರಡೂವರೆ ಸಾವಿರದಿಂದ ನಾಲ್ಕೂವರೆ ಸಾವಿರದವರೆಗೆ. ಅಲ್ಲಿ ಬಲ ಕಡಿಮೆಯಾಗಿತ್ತು. ನಾವು ಹೆದ್ದಾರಿಯ ಶ್ವಾಸನಾಳವನ್ನು ಓಣಿಯಲ್ಲಿ ಓಡುವ ಕಾರಿಗೆ ಹಾಕಿದ್ದೆವು.

ಇಲ್ಲಿ ನಿಲ್ಲಿಸಿ ಹಳೆಯದನ್ನೇ ಹಾಕುವುದು ಸುಲಭದ ದಾರಿಯಾಗಿತ್ತು. ಅಕ್ಕಾರು ಹಾಗೆ ಹೇಳಿದ್ದರೆ ನಾನು ಹಾಕಿಬಿಡುತ್ತಿದ್ದೆ. ಅವರು ಹೇಳಿದ್ದು ಬೇರೆ: ‘ಎಷ್ಟು ಉದ್ದ ಬೇಕು ಅನ್ನೂದು ವಿಡಿಯೊದಾಗಿನವರಿಗಿ ಹೆಂಗ ಗೊತ್ತಾಗಬೇಕ್ರಿ? ಅವರು ಬೀಳಗಿಗೆ ಬಂದಾರ? ನಾವs ನೋಡೂಣು.’ ಇನ್ನು ಯಾರ ಆಕಾರವನ್ನೂ ನಕಲು ಮಾಡುವುದಿಲ್ಲ, ಅಳೆದ ಮೇಲೆಯೇ ಮಾಡುವುದು ಎಂದು ಆ ಸೀಟಿನ ಅಂಚಿನಲ್ಲಿ ತೀರ್ಮಾನವಾಯಿತು.

ತುಬಚಿಯ ಕಡೆ ಹೊಲಗಳಿಗೆ ಹನಿ ನೀರಾವರಿ ಮಾಡುವ ರೈತರೊಬ್ಬರ ಹತ್ತಿರ ಉಳಿದ ಕಪ್ಪು ಪೈಪಿನ ತುಂಡುಗಳಿದ್ದವು. ಕೇಳಿ ತಂದೆ. ಬಿಸಿಗೆ ಹೆಚ್ಚು ದಿನ ತಾಳುವ ವಸ್ತುವಲ್ಲ. ಒಂದು ಬೆಳಗಿನ ಪರೀಕ್ಷೆಗೆ ಸಾಕು. ಮೂರು ಉದ್ದದಲ್ಲಿ ನಾಲ್ಕು ನಾಲ್ಕು ತುಂಡು ಕತ್ತರಿಸಿ, ಇಂಜಿನ್ನಿನ ಕಡೆ ರೇಡಿಯೇಟರಿನ ರಬ್ಬರ್ ಪೈಪು, ಕ್ಲಿಪ್ಪು ಹಾಕಿ ಜೋಡಿಸಿದೆ. ಒಂದೇ ದಿನ, ಒಂದೇ ಟೈರು, ಒಂದೇ ಪ್ರಮಾಣದ ಪೆಟ್ರೋಲು. ಒಂದು ಉದ್ದ ಮುಗಿದ ಮೇಲೆ ಇಂಜಿನ್ನು ತಣ್ಣಗಾಗುವವರೆಗೆ ಕಾಯುವುದು. ಗಿಡ್ಡದ್ದಕ್ಕೆ ಐವತ್ತೊಂಬತ್ತು. ತೀರ ಉದ್ದದ್ದಕ್ಕೆ ಐವತ್ತೆಂಟಕ್ಕೆ ಸ್ವಲ್ಪ ಕಡಿಮೆ. ನಡುವಿನದು, ಸುಮಾರು ಒಂದೂಕಾಲು ಗೇಣಿನದು, ಐವತ್ತೇಳೂವರೆ. ಕೊಳವೆಯ ಅಗಲವೂ ನಾನು ಮೊದಲು ಮಾಡಿದ್ದಕ್ಕಿಂತ ಕಿರಿದಾಗಿತ್ತು.

ಬಡಿಗರಿಗೆ ಹೊಸ ಅಚ್ಚಿನ ಅಳತೆ ಕೊಡುವಾಗ ಕಾರಣ ವಿವರಿಸಲು ತೊಡಗಿದೆ. ಇಂಜಿನ್ನಿನ ವಾಲ್ವಿನ ಬಾಗಿಲು ಮುಚ್ಚಿಕೊಂಡಾಗ ಓಡಿ ಬಂದ ಗಾಳಿ ಅದಕ್ಕೆ ಬಡಿದು ಹಿಂದೆ ಸರಿಯುತ್ತದೆ, ಕೊಳವೆಯ ಆ ತುದಿಯ ತನಕ ಹೋಗಿ ತಿರುಗಿ ಬರುತ್ತದೆ... ಅವರು ಕೈ ಎತ್ತಿ ತಡೆದರು.

‘ಲಾಳಿ ಆ ಕಡೆ ಬಡದು ಈ ಕಡೆ ಬರತೈತಿ. ಬರೂ ಹೊತ್ತಿಗೆ ಎಳಿಗೋಳ ಬಾಯಿ ತೆರೆದಿದ್ದರ ನೇಯಿಗಿ, ಮುಚ್ಚಿದ್ದರ ಎಳಿ ಹರೀತಾವ. ಮಗ್ಗ ಎಷ್ಟು ಜೋರ ಓಡತೈತಿ ನೋಡಿ ಹಾದಿ ಎಷ್ಟು ಉದ್ದ ಇಡಬೇಕು ಅನ್ನೂದು. ಇಷ್ಟಕ್ಕ ಒಂದು ತಿಂಗಳಾ ಹಿಡೀತೇನ್ರಿ ನಿಮಗ?’

ಹಿಡಿದಿತ್ತು.

ಅಚ್ಚು ತಯಾರಾಗುವಷ್ಟರಲ್ಲಿ ಕಾರಿಗೆ ಹಳೆಯ ಅಲ್ಯೂಮಿನಿಯಂನದನ್ನೇ ಮತ್ತೆ ಹಾಕಿ, ನಾವು ಮಾಡಿದ ಮೊದಲ ಮ್ಯಾನಿಫೋಲ್ಡನ್ನು ಗರಗಸದಿಂದ ಉದ್ದಕ್ಕೆ ಸೀಳಿದೆ. ತೂತುಗಳು ಯಾಕೆ ಬಂದವು ಎಂದು ನೋಡಬೇಕಿತ್ತು. ಒಳಮೈ ನುಣುಪಾಗಿರಲಿಲ್ಲ. ಮರಳಿನ ಮೇಲೆ ನೀರು ಹರಿದು ಹೋದಂತೆ ಅಲೆ ಅಲೆ ಇತ್ತು, ಅಲೆಗಳ ತಗ್ಗಿನಲ್ಲಿ ತೂತು. ಬೆಲ್ಲ ಬೆವರಿದಾಗ ಮಾತ್ರ ಹೀಗಾಗಲು ಸಾಧ್ಯ. ತೇವ ಮೇಲೆದ್ದು ಅಂಟನ್ನು ದೂರ ತಳ್ಳಿದೆ. ಗಾಜಿನಷ್ಟು ಗಟ್ಟಿ ಕಾಸಿದ ಬೆಲ್ಲ ಅಷ್ಟು ಬೇಗ ಬೆವರುವುದಿಲ್ಲ. ಪುಸ್ತಕದಲ್ಲಿ ‘ಹದ: ಗಟ್ಟಿ’ ಎಂದಿತ್ತು. ನೋಡಿದವರು ಯಾರು ಎಂದು ನನ್ನನ್ನೇ ಕೇಳಿಕೊಂಡೆ. ಯಾರೂ ಇಲ್ಲ.

ಮರುದಿನ ಅಕ್ಕಾರ ಕಾರಿನಲ್ಲೇ ಇಬ್ಬರೂ ರನ್ನ ಬೆಳಗಲಿಗೆ ಹೋದೆವು. ಸೀಳಿದ ಕೊಳವೆ, ಉದ್ದ ಮೂತಿಯ ಥರ್ಮಾಮೀಟರು ಜೊತೆಗಿದ್ದವು. ಮುತ್ಯಾ ಕಡಾಯಿಯ ಮುಂದೆ ಇದ್ದರು. ಕಬ್ಬಿನ ಹಾಲು ಕುದಿದು ನೊರೆಯೆದ್ದು, ನೊರೆ ಇಳಿದು, ಪಾಕ ದಪ್ಪವಾಗಿ ಬುಡುಬುಡು ಎನ್ನತೊಡಗಿತು. ಒಂದು ಹನಿ ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಮಾಡಿ ಕಡಾಯಿಯ ಅಂಚಿಗೆ ಹೊಡೆದರು. ಟಣ್ ಎಂದಿತು. ‘ಇಳಸ್ರಿ’ ಎಂದರು. ನಾನು ಥರ್ಮಾಮೀಟರು ಇಳಿಬಿಟ್ಟೆ. ನೂರ ಹದಿನೆಂಟು. ತಿನ್ನುವ ಬೆಲ್ಲಕ್ಕೆ ಸರಿಯಾದ ಹದ. ನಮಗೆ ಬೇಕಾದದ್ದು ನೂರ ನಲವತ್ತರ ಹತ್ತಿರ.

ಕಡಾಯಿ ಖಾಲಿಯಾದ ಮೇಲೆ ಸೀಳಿದ ಕೊಳವೆಯನ್ನು ಅವರ ಕೈಗೆ ಕೊಟ್ಟೆ. ಒಳಗೆ ಹೆಬ್ಬೆರಳು ಆಡಿಸಿದರು.

‘ನಿಮ್ಮದನ್ನೂ ಹಿಂಗs ಇಳಿಸೇನಿ,’ ಎಂದರು. ‘ಒಂದು ನಾಲ್ಕು ಕುದಿ ಹೆಚ್ಚಿಗಿ. ಅದರ ಮ್ಯಾಲ ಕೈ ಬರಲಿಲ್ಲ.’

‘ಗಟ್ಟಿ ಕಾಸೇನಿ ಅಂದ್ರಿ.’

‘ನನ್ನ ಲೆಕ್ಕದಾಗ ಅದ ಗಟ್ಟಿ. ಐವತ್ತು ವರ್ಷದಾಗ ಈ ಕೈಲಿ ಒಂದು ಕಡಾಯಿ ತಳ ಹತ್ತಿಸಿಲ್ಲ. ಸೀದ ವಾಸನಿ ಊರ ತನಕಾ ಹೋಕ್ಕೈತಿ. ಮುತ್ಯಾಗ ಕಣ್ಣು ಮಂಜ ಆದೂ ಅಂತಾರ ಮಂದಿ.’

ಸುಳ್ಳು ಹೇಳಿದರು ಎಂದು ಬರೆಯುವಂತಿರಲಿಲ್ಲ. ನಾನು ನೋಡದೆ ಬರೆದಿದ್ದೆ, ಅಷ್ಟೇ ನಿಜ. ಅಕ್ಕಾರು ಮುಂದೆ ಬಂದರು.

‘ಮುತ್ಯಾ, ಗಾಡ್ಯಾಗ ಕೂಡ್ರಿ. ಒಂದು ಸುತ್ತು ಹೋಗಿ ಬರೂಣು.’

ಗಾಣದ ಹಿಂದೆ ಕಬ್ಬು ಕಡಿದು ಖಾಲಿಯಾದ ಗಟ್ಟಿ ನೆಲ ಇತ್ತು. ಕಬ್ಬಿನ ಪೆಂಡಿಗಳನ್ನೇ ಕೋನ್ ಮಾಡಿಕೊಂಡು ಎರಡು ಸುತ್ತು ಹೊಡೆದರು. ಹಿರಿಯರು ಇಳಿದಾಗ ಕಂಬಳಿ ಒಂದೇ ಹೆಗಲ ಮೇಲಿತ್ತು. ಕಾರಿನ ಮೇಲೆ ಕೈ ಊರಿ ನಿಂತು ಉಸಿರು ತಿದ್ದಿಕೊಂಡರು.

‘ಯವ್ವಾ, ನೀ ಕುರಿ ತಿರುವಿದಂಗ ಗಾಡಿ ತಿರುವತಿ. ತಿರುವಿದ ಮ್ಯಾಲ ಅದು ಏಳಾಕ ವಲ್ಲೆ ಅಂತೈತಿ. ಒಂದು ಗಳಿಗಿ ನಿಂತು ಎದ್ದಂಗ.’

ಇಷ್ಟು ವಾರ ಪಟ್ಟಿ ಹಾಕಿ ನಾನು ಬರೆದದ್ದೂ ಅದನ್ನೇ.

‘ಅದಕ್ಕs ಸೀದ ಬೆಲ್ಲ ಬೇಕಾಗೇತಿ ಮುತ್ಯಾ,’ ಎಂದರು ಅಕ್ಕಾರು. ‘ಈ ಸಲ ಹೋದರ ಮತ್ತ ಇಲ್ಲ ನನಗ.’

ಅವರು ಕಂಬಳಿ ಸರಿ ಮಾಡಿಕೊಂಡರು. ‘ನಾಡದು ಬರ್ರಿ. ಕಡೀ ಕಡಾಯಿ ನಿಮ್ಮದು. ಆ ಉರಿಯ ಗಡಿಯಾರಾನೂ ತರ್ರಿ.’

ಹೇಳಿದ ದಿನ ಗಾಣಕ್ಕೆ ಬಂದವರಿಗೆಲ್ಲ ಅವರು ಮೊದಲೇ ಹೇಳಿ ಕಳಿಸುತ್ತಿದ್ದರು: ‘ಕಡೀ ಕಡಾಯಿಗಿ ಯಾರೂ ನಿಂದರಬ್ಯಾಡ್ರಿ, ಬೆಲ್ಲ ಕೇಳಬ್ಯಾಡ್ರಿ.’ ಹಾಗೆ ಹೇಳಿದ್ದರಿಂದ ಎಂಟು ಹತ್ತು ಜನ ನಿಂತೇ ಬಿಟ್ಟರು. ಕಡಾಯಿಯ ತಳದಲ್ಲಿ ನಮಗೆ ಬೇಕಾದಷ್ಟೇ ಪಾಕ ಉಳಿಸಿ ಉರಿ ಸಣ್ಣ ಮಾಡಿದರು. ನಾನು ಅಂಕಿ ಓದುತ್ತ ಹೋದೆ. ನೂರ ಹದಿನೆಂಟಕ್ಕೆ ಅವರ ಕೈ ತಾನಾಗಿ ಮೇಲೆದ್ದಿತು, ಮತ್ತೆ ಇಳಿಯಿತು. ನೂರ ಇಪ್ಪತ್ತೈದಕ್ಕೆ ಬಣ್ಣ ತಿರುಗಿತು. ನೂರ ಮೂವತ್ತಕ್ಕೆ ವಾಸನೆ ಎದ್ದಿತು.

‘ಮುತ್ಯಾ, ಹತ್ತಿತಲೋ,’ ಎಂದು ಹಿಂದಿನಿಂದ ಒಬ್ಬರು ಕೂಗಿದರು.

‘ಹತ್ತಲಿ. ಮೂಗು ಮುಚ್ಚಿಕೋ.’

ನೂರ ಮೂವತ್ತೆಂಟಕ್ಕೆ ಅವರೇ ‘ಸಾಕು’ ಎಂದರು. ನಾನು ಇನ್ನೆರಡು ಡಿಗ್ರಿ ಎಂದೆ. ‘ಇಳಸೂದ್ರಾಗ ಏರತೈತಿ’ ಎಂದರು. ಏರಿತು. ನೀರಿನಲ್ಲಿ ನೆನೆಸಿಟ್ಟಿದ್ದ ಹೊಸ ಮರದ ಅಚ್ಚನ್ನು ಒರೆಸಿ ಎರೆದರು. ತಣ್ಣಗಾದ ಮೇಲೆ ಹೊರಬಂದ ತಿರುಳುಗಳು ಹುಣಸೆಹಣ್ಣಿನ ಕಪ್ಪು, ಬೆರಳಿನ ಬಿಂಬ ಕಾಣುವ ಹೊಳಪು. ಮಿಕ್ಕ ಚೂರನ್ನು ಕಲ್ಲಿಗೆ ಹೊಡೆದರೆ ಬಳೆ ಒಡೆದಂತೆ ಸಿಡಿಯಿತು. ತೇವ ತಾಗದಂತೆ ತಿರುಳುಗಳನ್ನು ತೇವ ಹೀರುವ ಸುಟ್ಟ ಸುಣ್ಣದ ಹರಳಿನ ಜೊತೆ ಡಬ್ಬಿಯಲ್ಲಿ ಮುಚ್ಚಿ ತಂದು, ಆ ಸಂಜೆಯೇ ಬಟ್ಟೆ ಸುತ್ತಿದೆವು.

ಇದನ್ನು ಕರಗಿಸಲು ಒಂದು ಇಡೀ ದಿನ ಬೇಕಾಯಿತು. ಹಗ್ಗ ಎಳೆದಾಗ ಕಪ್ಪು ನೀರು ಬಂತು, ಹಿಂದೆ ಬೆಳಕು ಕಂಡಿತು. ಒಳಗೆ ಬೆರಳು ಹಾಕಿದರೆ ತೊಳೆದ ಗಾಜಿನ ಲೋಟ. ಎಪಾಕ್ಸಿಗೆ ಇನ್ನೂ ಒಂದು ಹದ ಬಾಕಿ ಇತ್ತು. ನಿಧಾನ ಬಿಸಿಯಲ್ಲಿ ಕೆಲವು ಗಂಟೆ ಇಟ್ಟರೆ ಮಾತ್ರ ಇಂಜಿನ್ನಿನ ಶಾಖ ತಾಳುತ್ತದೆ. ಅದಕ್ಕೂ ಗಾಣವೇ ಒದಗಿತು. ತಗಡಿನ ಪೆಟ್ಟಿಗೆಯಲ್ಲಿಟ್ಟು ಹೊಗೆ ಹೋಗುವ ಗೂಡಿನ ಪಕ್ಕ ಇರಿಸಿ, ಪೆಟ್ಟಿಗೆಯನ್ನು ಹತ್ತಿರ ದೂರ ಸರಿಸುತ್ತ ತೊಂಬತ್ತು ಡಿಗ್ರಿಗೆ ಹಿಡಿದೆವು. ಜಮಖಂಡಿಯ ಲೇತ್ ಅಂಗಡಿಯಲ್ಲಿ ಅಲ್ಯೂಮಿನಿಯಂ ಪಟ್ಟಿಗಳನ್ನು ಕೊರೆಸಿ ಎರಡೂ ತುದಿಗೆ ಕೂರಿಸಿದೆ. ಸೋಪಿನ ನೀರು ಸವರಿದರೆ ಒಂದು ಗುಳ್ಳೆಯೂ ಏಳಲಿಲ್ಲ. ಇದನ್ನು ಎಡ ಪುಟದಲ್ಲಿ ಬರೆದೆ.

ಬೀಳಗಿಯಲ್ಲಿ ಸರಾಸರಿ ಐವತ್ತೇಳು. ಹೊಸ ಪ್ಲಗ್ ಹಾಕಿ ಓಡಿಸಿ ಬಿಚ್ಚಿ ನೋಡಿದೆ. ನಾಲ್ಕೂ ಒಂದೇ ಬಣ್ಣ, ಚಹದ ಕಂದು. ಅಕ್ಕಾರು ಈ ಸಲ ಧ್ವನಿಯ ಮಾತು ಎತ್ತಲಿಲ್ಲ. ‘ಸುಮ್ಮ ಆಗೇತಲ್ರಿ,’ ಎಂದರು. ಆಗಿತ್ತು. ಹುಲಿ ಹೋಗಿ ಸಾದಾ ಕಾರು ಬಂದಿತ್ತು, ಬೇಗ ಓಡುವ ಸಾದಾ ಕಾರು.

ಸ್ಪರ್ಧೆಯ ದಿನ ತಪಾಸಣೆ ಮಾಡುವವರು ಬಾನೆಟ್ಟಿನೊಳಗೆ ಟಾರ್ಚ್ ಬಿಟ್ಟು ನೋಡಿ, ಬೆರಳ ಗೆಣ್ಣಿನಿಂದ ಮ್ಯಾನಿಫೋಲ್ಡನ್ನು ತಟ್ಟಿದರು.

‘ಇದು ಯಾವುದರಿಂದ ಮಾಡಿದ್ದು?’

‘ಬಟ್ಟೆ,’ ಎಂದೆ.

‘ಎಲ್ಲಿಯದು?’

‘ಬನಹಟ್ಟಿದು.’

ಅವರು ಥ್ರಾಟಲ್ ಮೂಲದ್ದೇ ಎಂದು ಅಳತೆ ಮಾಡಿ ಖಾತ್ರಿಪಡಿಸಿಕೊಂಡು ಚೀಟಿ ಅಂಟಿಸಿದರು. ಎರಡು ಓಟ, ಎರಡರಲ್ಲಿ ಒಳ್ಳೆಯದು ಲೆಕ್ಕಕ್ಕೆ. ಮೊದಲ ಓಟದಲ್ಲಿ ಅಕ್ಕಾರು ಕೊನೆಯ ತಿರುವಿನಲ್ಲಿ ಕೋನೊಂದನ್ನು ಸವರಿಕೊಂಡು ಹೋದರು. ದಂಡದ ಸೆಕೆಂಡು ಸೇರಿ ಐದನೆಯ ಸ್ಥಾನ. ಕಾರು ಅವರ ನಿರೀಕ್ಷೆಗಿಂತ ಬೇಗ ಆ ತಿರುವಿಗೆ ಬಂದಿತ್ತು. ಎರಡು ಓಟಗಳ ನಡುವೆ ನಾನು ಬಾನೆಟ್ ತೆರೆದು ಕ್ಲಿಪ್ಪುಗಳನ್ನು ಮುಟ್ಟಿ ನೋಡಿದೆ. ಅವರು ಬಾಟಲಿಯ ನೀರು ಮುಖಕ್ಕೆ ಹಾಕಿಕೊಂಡು, ‘ಕಲಿಯೋರಿಗಿ ನಾ ದಿನಾ ಹೇಳತೇನಿ, ಬ್ರೇಕ್ ಒಂದು ಗಳಿಗಿ ಮೊದಲ ಹಿಡಿ ಅಂತ. ನನಗs ನೆನಪಾಗಲಿಲ್ಲ ನೋಡ್ರಿ,’ ಎಂದರು.

ಎರಡನೆಯ ಓಟದಲ್ಲಿ ಹಿಡಿದರು. ಕೋನ್ ಸುತ್ತಿ ಹೊರಬಿದ್ದಾಗಲೆಲ್ಲ ಕಾರು ಗಳಿಗೆಯೂ ನಿಲ್ಲದೆ ಎದ್ದು ಹೋಗುವುದು ನಾನು ನಿಂತಲ್ಲಿಂದ ಕಂಡಿತು. ಆಮೇಲೆ ಇನ್ನೂ ಏಳು ಕಾರು ಓಡುವುದಿತ್ತು. ಏಳನೆಯದು ನಿಂತಾಗ ಫಲಕದಲ್ಲಿ ಅವರ ಹೆಸರು ಎರಡನೆಯ ಸಾಲಿನಲ್ಲಿತ್ತು. ಮೂರನೆಯವರಿಗಿಂತ ಅರ್ಧ ಸೆಕೆಂಡಿಗೆ ಸ್ವಲ್ಪ ಹೆಚ್ಚು ಅಂತರ. ಅಕ್ಕಾರು ಫಲಕವನ್ನು ಎರಡು ಸಲ ಓದಿದರು. ನಂತರ ನನ್ನ ಕೈಯಲ್ಲಿದ್ದ ಎರಡೂ ಗಡಿಯಾರ ನೋಡಿದರು.

‘ಎರಡೂ ಒಟ್ಟಿಗೆ ಕೆಡೂದಿಲ್ಲಲ್ರಿ?’

‘ಇಲ್ರಿ.’

ಈ ಸಾಲಿನಲ್ಲಿ ಅವರು ಓಡಿಸುತ್ತಿರುವುದು ಸಂಘದ ಕಾರು. ಅದಕ್ಕೆ ಅದರದೇ ಮ್ಯಾನಿಫೋಲ್ಡ್ ಇದೆ, ನಮ್ಮದು ಬೇಕಾಗಿಲ್ಲ. ಹಳೆಯ ಕಾರಿನ ನೆತ್ತಿಗೆ ಶಾಲೆಯ ಹಲಗೆ ಮತ್ತೆ ಏರಿತು, ಎರಡನೆಯ ಪೆಡಲುಗಳು ಮರಳಿದವು. ಅಲ್ಯೂಮಿನಿಯಂ ಮ್ಯಾನಿಫೋಲ್ಡ್ ವಾಪಸು ಹಾಕಲೇ ಎಂದು ಕೇಳಿದ್ದೆ. ಬೇಡ ಎಂದರು. ಈಗ ಕಲಿಯುವವರು ಏರು ಚಡಾವಿನಲ್ಲಿ ಮೊದಲಿನಷ್ಟು ಗಾಡಿ ಬಂದ್ ಮಾಡುವುದಿಲ್ಲ ಎಂಬುದು ಅವರ ಅಭಿಪ್ರಾಯ. ಇಂಜಿನ್ನಿನ ಅಷ್ಟು ಕಡಿಮೆ ಸುತ್ತಿನಲ್ಲಿ ಕೊಳವೆಯಿಂದ ಆಗುವ ಲಾಭ ಅತ್ಯಲ್ಪ. ಅದನ್ನು ನಾನು ಬಲ ಪುಟದಲ್ಲಿ ಬರೆದಿದ್ದೇನೆ.

ಗೆದ್ದ ವಾರದಲ್ಲೇ ಇಬ್ಬರೂ ರನ್ನ ಬೆಳಗಲಿಗೆ ಹೋದೆವು. ಹಂಗಾಮು ಮುಗಿಯುತ್ತ ಬಂದಿತ್ತು. ಮುತ್ಯಾ ಸುದ್ದಿ ಕೇಳಿ ತಲೆಯಾಡಿಸಿದರು, ಮುತ್ತುಗದ ಎಲೆಯಲ್ಲಿ ಬಿಸಿ ಬೆಲ್ಲ ಕೊಟ್ಟರು. ಅವರ ಹಿಂದಿನ ಗೂಡಿನಲ್ಲಿ, ಬಂದವರಿಗೆ ತೋರಿಸಲು ಇಡುವ ಜೇನುಬಣ್ಣದ ಬೆಲ್ಲದ ಪೆಂಟೆಗಳ ಸಾಲಿನಲ್ಲಿ ನಮ್ಮ ಕಡಾಯಿಯಲ್ಲಿ ಮಿಕ್ಕಿದ ಒಂದು ಕಪ್ಪು ಗಟ್ಟಿಯಿತ್ತು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದು. ನಾವು ಕೂತಿದ್ದಾಗಲೇ ಬೆಲ್ಲ ಒಯ್ಯಲು ಬಂದ ವ್ಯಾಪಾರಿಯೊಬ್ಬರು ಅದನ್ನು ನೋಡಿ ನಕ್ಕರು.

‘ಏನ್ ಮುತ್ಯಾ, ನೀನೂ ಬೆಲ್ಲ ಸುಡಾಕ ಹತ್ತಿದಿ?’

ಮುತ್ಯಾ ತಿರುಗಿ ನೋಡಲಿಲ್ಲ. ಕಡಾಯಿಯ ಅಂಚಿಗೆ ಉಂಡೆ ಹೊಡೆದು, ಟಣ್ ಎಂದದ್ದನ್ನು ಕೇಳಿ, ಆಮೇಲೆ ಹೇಳಿದರು.

‘ಅದನ್ನ ಮುಟ್ಟಬ್ಯಾಡ. ಅದು ತಿನ್ನೂದಲ್ಲ, ಓಡೂದು.’